ಮಕ್ಕಳಿಲ್ಲದೆ ಥೀಮ್ ಪಾರ್ಕ್ ರೆಸಾರ್ಟ್‌ಗೆ: ದೊಡ್ಡವರಿಗೆ ಯಾವುದು ಒಗ್ಗುತ್ತದೆ?

"ಮಕ್ಕಳು ಬರ್ತಿಲ್ಲ, ನಾವಿಬ್ಬರೇ. ಥೀಮ್ ಪಾರ್ಕ್ ರೆಸಾರ್ಟ್‌ನಲ್ಲಿ ನಾಲ್ಕು ದಿನ ಇದ್ದು ಬರಬೇಕು ಅಂತ ಆಸೆ. ಓರ್ಲ್ಯಾಂಡೊ ಒಳ್ಳೆಯದಾ, ಟೋಕಿಯೋನಾ, ಯುರೋಪಾ?" ಇಂಥ ಪ್ರಶ್ನೆ ಕೇಳುವವರು ಈಚೆಗೆ ಜಾಸ್ತಿ. ಪ್ರಶ್ನೆಯ ಬಾಲಕ್ಕೆ ಒಂದು ಸಂಕೋಚವೂ ಅಂಟಿಕೊಂಡಿರುತ್ತದೆ: "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ಮನೆಯವರು ನಗ್ತಾರೆ."

ನಗಲಿ ಬಿಡಿ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಕಟ್ಟಿದಾಗ ವಾಲ್ಟ್ ಡಿಸ್ನಿಯ ತಲೆಯಲ್ಲಿ ಇದ್ದದ್ದೇ ದೊಡ್ಡವರು. ಮಕ್ಕಳು ಆಡುತ್ತಿರುವಾಗ ಅಪ್ಪ-ಅಮ್ಮ ಬೆಂಚಿನ ಮೇಲೆ ಸುಮ್ನೆ ಕೂತಿರಬೇಕಾದ ಪಾರ್ಕು ಅವನಿಗೆ ಬೇಡವಾಗಿತ್ತು. ಇವತ್ತು ಟೋಕಿಯೋದ ಪಾರ್ಕಿನಲ್ಲಿ ಒಂದು ಸುತ್ತು ಕಣ್ಣಾಡಿಸಿದರೆ ಸಾಕು. ಒಂದೇ ಥರದ ಟೋಪಿ ಹಾಕಿಕೊಂಡ ಗೆಳತಿಯರು, ಕೈ ಹಿಡಿದು ನಡೆಯುವ ಜೋಡಿಗಳು, ಕ್ಯಾಮೆರಾ ಹೆಗಲಿಗೇರಿಸಿ ಒಬ್ಬರೇ ಬಂದ ನಡುವಯಸ್ಸಿನವರು, ಎಲ್ಲರೂ ಸಿಗುತ್ತಾರೆ.

ದೊಡ್ಡವರಿಗೆ ಇದರಲ್ಲಿ ಏನು ಸಿಗುತ್ತದೆ ಅನ್ನುವುದು ಮೊದಲು ಗೊತ್ತಾದರೆ ಆಯ್ಕೆ ಸುಲಭ. ಬೇರೆ ಪ್ರವಾಸದಲ್ಲಿ ದಿನವಿಡೀ ಸಣ್ಣ ಸಣ್ಣ ತೀರ್ಮಾನ ಮಾಡುತ್ತಲೇ ಇರಬೇಕು. ಯಾವ ಟ್ಯಾಕ್ಸಿ, ಯಾವ ಹೋಟೆಲ್, ಈ ಬೀದಿಯಲ್ಲಿ ರಾತ್ರಿ ಓಡಾಡಬಹುದಾ. ಒಳ್ಳೆಯ ರೆಸಾರ್ಟ್‌ನಲ್ಲಿ ಇವೆಲ್ಲ ಯಾರೋ ಮೊದಲೇ ಯೋಚಿಸಿ ಇಟ್ಟಿರುತ್ತಾರೆ. ಕಾರು ಕಾಣುವುದಿಲ್ಲ, ಹಾರ್ನ್ ಕೇಳುವುದಿಲ್ಲ. ಜೊತೆಗೆ, ಮಕ್ಕಳು ಓಡಿ ದಾಟಿಬಿಡುವ ಎಷ್ಟೋ ಕೆಲಸಗಾರಿಕೆ ದೊಡ್ಡವರ ಕಣ್ಣಿಗೆ ಮಾತ್ರ ಬೀಳುತ್ತದೆ. ಡಿಸ್ನಿಯ ಮೇನ್ ಸ್ಟ್ರೀಟ್ ಕಟ್ಟಡಗಳನ್ನೇ ನೋಡಿ. ಮೇಲೆ ಹೋದಂತೆ ಮಹಡಿಗಳ ಅಳತೆ ಕಿರಿದಾಗುತ್ತದೆ. ಅದಕ್ಕೇ ಕೆಳಗೆ ನಿಂತವರಿಗೆ ಕಟ್ಟಡ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಇದು ಗೊತ್ತಾದ ಮೇಲೆ ಆ ಬೀದಿಯಲ್ಲಿ ನಡೆಯುವ ಮಜವೇ ಬೇರೆ.

ಅಳತೆಗೋಲು ಯಾವುದು?

ಹೆಚ್ಚಿನವರು ರೈಡ್‌ಗಳನ್ನು ಎಣಿಸಿ ಪಾರ್ಕ್ ಆರಿಸುತ್ತಾರೆ. ನನಗೆ ಅದು ತಪ್ಪು ಲೆಕ್ಕ ಅನಿಸುತ್ತದೆ. ದೊಡ್ಡ ರೋಲರ್ ಕೋಸ್ಟರ್ ಒಂದು ಸುತ್ತು ಮುಗಿಸಲು ಎರಡು ಮೂರು ನಿಮಿಷ ಸಾಕು. ಜನ ಇರುವ ದಿನ ಹತ್ತು ರೈಡ್ ಹತ್ತಿದರೂ ಸೀಟಿನಲ್ಲಿ ಕೂತ ಹೊತ್ತು ಒಟ್ಟು ಒಂದು ಗಂಟೆ ಮುಟ್ಟುವುದಿಲ್ಲ. ಪಾರ್ಕ್‌ನಲ್ಲಿ ಇರುವುದು ಹನ್ನೆರಡು ಗಂಟೆ ಅಂದುಕೊಳ್ಳಿ. ಉಳಿದ ಹನ್ನೊಂದು ಗಂಟೆ ಎಲ್ಲಿ ನಿಂತಿರುತ್ತೀರಿ, ಎಲ್ಲಿ ಕೂತಿರುತ್ತೀರಿ, ಏನು ನೋಡುತ್ತಿರುತ್ತೀರಿ? ನೀವು ದುಡ್ಡು ಕೊಡುವುದು ಮುಖ್ಯವಾಗಿ ಆ ಹನ್ನೊಂದು ಗಂಟೆಗೆ. ಹಾಗಾಗಿ ನನ್ನ ಮಾನದಂಡಗಳೂ ಆ ಗಂಟೆಗಳ ಸುತ್ತಲೇ ಇವೆ.

ಮೊದಲನೆಯದು, ಹೋಟೆಲ್ ಬಾಗಿಲಿನಿಂದ ಪಾರ್ಕ್ ಗೇಟಿಗೆ ನಡೆದು ಹೋಗಬಹುದಾ ಅನ್ನುವುದು. ಇದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಪಾರ್ಕ್‌ನಲ್ಲಿ ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುವುದು ಮಾಮೂಲು. ಮಧ್ಯಾಹ್ನ ಎರಡಕ್ಕೆ ರೂಮಿಗೆ ಬಂದು ಶೂ ಬಿಚ್ಚಿ, ಒಂದು ಗಂಟೆ ಮಲಗಿ, ಸ್ನಾನ ಮಾಡಿ ಸಂಜೆ ಐದಕ್ಕೆ ಮತ್ತೆ ಹೋಗುವವರಿಗೂ ಬೆಳಗ್ಗೆಯಿಂದ ರಾತ್ರಿಯವರೆಗೆ ಒಂದೇ ಸಮನೆ ಕಾಲೆಳೆದುಕೊಂಡು ಓಡಾಡುವವರಿಗೂ ಸಿಗುವ ಅನುಭವ ಬೇರೆ ಬೇರೆ. ಹೋಟೆಲ್ ತಲುಪಲು ಬಸ್ಸಿಗೆ ಕಾಯಬೇಕು ಅಂದ ಕೂಡಲೇ ಯಾರೂ ಮಧ್ಯಾಹ್ನ ವಾಪಸ್ ಹೋಗುವುದಿಲ್ಲ.

ಎರಡನೆಯದು ಸಂಜೆ. ಪಾರ್ಕ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಮುಚ್ಚಿದ ಮೇಲೆ ಕೂತು ಮಾತಾಡಲು ಜಾಗ ಇದೆಯಾ? ಮೂರನೆಯದು ಪ್ಲಾನಿಂಗ್ ಹೊರೆ. ರಜೆಗೆ ಹೋಗಿ ಬೆಳಗ್ಗೆ ಏಳಕ್ಕೇ ಫೋನ್ ಹಿಡಿದು ಸ್ಲಾಟ್ ಬುಕ್ ಮಾಡುವುದು ಕೆಲವರಿಗೆ ಆಟ, ಕೆಲವರಿಗೆ ಆಫೀಸು. ನಾಲ್ಕನೆಯದು ಸಾಲು: ತಪ್ಪಿಸಿಕೊಳ್ಳಲು ದಾರಿ ಇದೆಯಾ, ಅದಕ್ಕೆ ಬೇರೆ ದುಡ್ಡಾ? ಐದನೆಯದನ್ನು ಎಲ್ಲರೂ ಮರೆಯುತ್ತಾರೆ. ಜೊತೆಯಲ್ಲಿ ಬರುವವರಿಗೆ ರೈಡ್ ಇಷ್ಟ ಇಲ್ಲದಿದ್ದರೆ ಅವರು ಇಡೀ ದಿನ ಏನು ಮಾಡಬೇಕು? ಜೋಡಿಗಳಲ್ಲಿ ಒಬ್ಬರಿಗೆ ಕೋಸ್ಟರ್ ಹುಚ್ಚು, ಇನ್ನೊಬ್ಬರಿಗೆ ತಲೆಸುತ್ತು ಅನ್ನುವುದು ಬಹಳ ಸಾಮಾನ್ಯ.

ಖರ್ಚು ಕೊನೆಗೆ ಬರುತ್ತದೆ. ಎಷ್ಟು ಅನ್ನುವುದರ ಜೊತೆಗೆ ಅದು ಎಲ್ಲಿ ಬೀಳುತ್ತದೆ ಅನ್ನುವುದನ್ನೂ ನೋಡಬೇಕು.

ವಾಲ್ಟ್ ಡಿಸ್ನಿ ವರ್ಲ್ಡ್, ಫ್ಲಾರಿಡಾ

1971ರಲ್ಲಿ ಓರ್ಲ್ಯಾಂಡೊ ಹತ್ತಿರ ತೆರೆದದ್ದು. ಸುಮಾರು 100 ಚದರ ಕಿಲೋಮೀಟರ್ ಜಾಗ, ಅಂದರೆ ಒಂದು ನಗರದಷ್ಟು. ನಾಲ್ಕು ಪಾರ್ಕ್, ಎರಡು ವಾಟರ್ ಪಾರ್ಕ್, ಇಪ್ಪತ್ತೈದಕ್ಕೂ ಹೆಚ್ಚು ಹೋಟೆಲ್. ಮೊದಲ ಸಲ ಹೋಗುವವರು ಕೋಟೆ ಇರುವ ಮ್ಯಾಜಿಕ್ ಕಿಂಗ್‌ಡಮ್‌ಗೆ ಎಲ್ಲ ದಿನ ಮೀಸಲಿಡುತ್ತಾರೆ. ದೊಡ್ಡವರೇ ಹೋಗುತ್ತಿದ್ದರೆ ಅಲ್ಲಿಗೆ ಒಂದು ದಿನ ಸಾಕು. ನಿಮ್ಮ ಪಾರ್ಕ್ ಎಪ್ಕಾಟ್.

1982ರಲ್ಲಿ ತೆರೆದ ಎಪ್ಕಾಟ್‌ನ ಅರ್ಧ ಭಾಗ ವರ್ಲ್ಡ್ ಶೋಕೇಸ್. ಒಂದು ದೊಡ್ಡ ಕೆರೆಯ ಸುತ್ತ ಹನ್ನೊಂದು ದೇಶಗಳ ಬೀದಿಗಳು. ಮೆಕ್ಸಿಕೋದ ಪಿರಮಿಡ್ ಒಳಗೆ ಹೊಕ್ಕರೆ ಹೊರಗೆ ಸುಡುಬಿಸಿಲಿದ್ದರೂ ಒಳಗೆ ಯಾವಾಗಲೂ ಮುಸ್ಸಂಜೆ. ಮಂದ ದೀಪ, ಅಂಗಡಿಸಾಲು, ಆಚೆ ನೀರು, ನೀರಿನಾಚೆ ಒಂದು ಜ್ವಾಲಾಮುಖಿ. ಕೆರೆ ಸುತ್ತು ಹಾಕಲು ಎರಡು ಕಿಲೋಮೀಟರ್ ಹತ್ತಿರ ನಡೆಯಬೇಕು. ಒಂದೊಂದು ದೇಶದಲ್ಲಿ ಒಂದು ತುತ್ತು, ಒಂದು ಗುಟುಕು ಅಂತ ಸಂಜೆಯಿಡೀ ಕಳೆಯಬಹುದು, ಕೊನೆಗೆ ಕೆರೆಯ ಮೇಲೆ ಬಾಣಬಿರುಸು. ಹೂವಿನ ಉತ್ಸವ, ಆಹಾರ ಮತ್ತು ವೈನ್ ಉತ್ಸವ ಅಂತ ವರ್ಷದ ಬಹುಪಾಲು ಏನಾದರೊಂದು ನಡೆಯುತ್ತಲೇ ಇರುತ್ತದೆ. ವಾರಾಂತ್ಯದಲ್ಲಿ ಸುತ್ತಮುತ್ತಲ ಊರಿನವರೂ ಬಂದು ಗಿಜಿಗುಡುತ್ತದೆ. ಎಪ್ಕಾಟ್ ಸಂಜೆಗಳನ್ನು ಸೋಮವಾರದಿಂದ ಗುರುವಾರದ ಒಳಗೇ ಇಟ್ಟುಕೊಳ್ಳಿ.

ಇಲ್ಲಿ ಹೋಟೆಲ್ ಆರಿಸುವುದೇ ಅರ್ಧ ಕೆಲಸ. ಎಪ್ಕಾಟ್‌ಗೆ ಮುಂಬಾಗಿಲು ಬಿಟ್ಟು ಹಿಂದೆ ಇನ್ನೊಂದು ಬಾಗಿಲಿದೆ, ಇಂಟರ್‌ನ್ಯಾಷನಲ್ ಗೇಟ್‌ವೇ ಅಂತ. ಬೀಚ್ ಕ್ಲಬ್, ಯಾಟ್ ಕ್ಲಬ್, ಬೋರ್ಡ್‌ವಾಕ್, ಸ್ವಾನ್, ಡಾಲ್ಫಿನ್ ಹೋಟೆಲ್‌ಗಳಿಂದ ಆ ಬಾಗಿಲಿಗೆ ನಡೆದೇ ಹೋಗಬಹುದು. ಅಲ್ಲಿಂದ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿಗೂ ಕಾಲುದಾರಿ, ದೋಣಿ ಎರಡೂ ಇವೆ. ಈ ಹೋಟೆಲ್‌ಗಳು ದುಬಾರಿ. ಕಡಿಮೆ ದರದವುಗಳಲ್ಲಿ ಪಾಪ್ ಸೆಂಚುರಿ ನನಗೆ ಮೆಚ್ಚುಗೆ. ರೂಮು ಚಿಕ್ಕದು, ಅಲಂಕಾರ ಸ್ವಲ್ಪ ಬೊಂಬೆಯಂಗಡಿ ಥರ. ಆದರೆ 2019ರಲ್ಲಿ ಶುರುವಾದ ಸ್ಕೈಲೈನರ್ ಕೇಬಲ್ ಕಾರ್ ಹೋಟೆಲ್ ಪಕ್ಕದಿಂದಲೇ ಎಪ್ಕಾಟ್‌ಗೂ ಹಾಲಿವುಡ್ ಸ್ಟುಡಿಯೋಸ್‌ಗೂ ಕರೆದುಕೊಂಡು ಹೋಗುತ್ತದೆ, ಅದೂ ಪುಕ್ಕಟೆ. ಅದಕ್ಕಿಂತ ಅಗ್ಗದ ಆಲ್-ಸ್ಟಾರ್ ಹೋಟೆಲ್‌ಗಳಿಗೆ ಬಸ್ಸೊಂದೇ ಗತಿ. ಉಳಿಸಿದ ದುಡ್ಡನ್ನು ಬಸ್ ಸ್ಟಾಪಿನಲ್ಲಿ ನಿಂತು ತೀರಿಸಬೇಕಾಗುತ್ತದೆ.

ಇಲ್ಲಿನ ದೊಡ್ಡ ಕಿರಿಕಿರಿ ಪ್ಲಾನಿಂಗ್. ಒಳ್ಳೆಯ ರೆಸ್ಟೋರೆಂಟ್‌ಗಳಿಗೆ 60 ದಿನ ಮೊದಲೇ ಬುಕ್ಕಿಂಗ್ ತೆರೆಯುತ್ತದೆ. ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್‌ಗೆ ಬೇರೆ ದುಡ್ಡು. ಡಿಸ್ನಿ ಹೋಟೆಲ್‌ನಲ್ಲಿ ಉಳಿಯುವವರು ಅದನ್ನು ಏಳು ದಿನ ಮೊದಲೇ ಕೊಳ್ಳಬಹುದು, ಹೊರಗಿನವರು ಮೂರು ದಿನ ಮೊದಲು. ಇದನ್ನೆಲ್ಲ ಕೂತು ಹೊಂದಿಸುವ ಉತ್ಸಾಹ ಇಬ್ಬರಲ್ಲಿ ಒಬ್ಬರಿಗಾದರೂ ಇರಬೇಕು. ಇಲ್ಲದಿದ್ದರೆ ಇಷ್ಟು ದುಡ್ಡು ಸುರಿದು ಇದೇನಪ್ಪಾ ಅನ್ನುವ ಹಾಗಾಗುತ್ತದೆ.

ರೈಡ್ ಹತ್ತದವರಿಗೆ ಇದರಷ್ಟು ಒಳ್ಳೆಯ ಜಾಗ ಕಡಿಮೆ. ಅನಿಮಲ್ ಕಿಂಗ್‌ಡಮ್‌ನಲ್ಲಿ ಪ್ರಾಣಿ, ಎಪ್ಕಾಟ್‌ನಲ್ಲಿ ಊಟ ಮತ್ತು ಸಂಗೀತ, ಒಂದು ಹೋಟೆಲ್‌ನಿಂದ ಇನ್ನೊಂದಕ್ಕೆ ಮೋನೋರೈಲ್, ದೋಣಿ. ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ರೆಸ್ಟೋರೆಂಟ್‌ಗೆ ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವೇ ಇಲ್ಲ. 2024ರಲ್ಲಿ ಅದಕ್ಕೆ ಮಿಶೆಲಿನ್ ಸ್ಟಾರ್ ಸಿಕ್ಕಿತು. ಮದುವೆ ವಾರ್ಷಿಕೋತ್ಸವ ಅಂತ ಹೋಗುವವರು ಒಂದು ದಿನದ ಪಾರ್ಕ್ ಟಿಕೆಟ್ ಬಿಟ್ಟು ಅಲ್ಲಿ ಕೂತರೂ ನಷ್ಟವಿಲ್ಲ, ಜೇಬು ಗಟ್ಟಿಯಿದ್ದರೆ.

ಯೂನಿವರ್ಸಲ್, ಓರ್ಲ್ಯಾಂಡೊ

ಡಿಸ್ನಿಯಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ, ಆದರೆ ಸ್ವಭಾವ ಬೇರೆ. ಎದೆ ಝಲ್ಲೆನ್ನಬೇಕು ಅನ್ನುವವರಿಗೆ ಇದೇ ಸರಿ. ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕಿನಲ್ಲಿ 2021ರಲ್ಲಿ ಬಂದ ವೆಲಾಸಿಕೋಸ್ಟರ್ ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಕೊನೆಯಲ್ಲಿ ನೀರಿಗೆ ತಾಗಿಯೇ ಬಿಡುತ್ತದೇನೋ ಅನ್ನುವ ಹಾಗೆ ತಲೆಕೆಳಗಾಗಿ ಹೊರಳುತ್ತದೆ. ಸೊಂಟಕ್ಕೆ ಮಾತ್ರ ಹಿಡಿತ, ಹೆಗಲು ಖಾಲಿ.

ಇಲ್ಲಿನ ಅನುಕೂಲ ನಡಿಗೆ. ಯೂನಿವರ್ಸಲ್ ಸ್ಟುಡಿಯೋಸ್, ಐಲ್ಯಾಂಡ್ಸ್ ಎರಡೂ ಅಕ್ಕಪಕ್ಕ. ನಡುವೆ ಸಿಟಿವಾಕ್ ಅನ್ನುವ ಊಟ-ಬಾರು-ಸಂಗೀತದ ಬೀದಿ. ಪಾರ್ಕ್ ಮುಚ್ಚಿದ ಮೇಲೂ ಅದು ತೆರೆದಿರುತ್ತದೆ, ಟಿಕೆಟ್ ಇಲ್ಲದವರೂ ಹೋಗಬಹುದು. ಪೋರ್ಟೊಫಿನೋ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಈ ಮೂರು ಹೋಟೆಲ್‌ಗಳಲ್ಲಿ ಉಳಿದರೆ ಈ ಎರಡು ಪಾರ್ಕ್‌ಗಳ ಎಕ್ಸ್‌ಪ್ರೆಸ್ ಪಾಸ್ ರೂಮಿನ ಜೊತೆಗೇ ಬರುತ್ತದೆ, ಬಂದ ದಿನಕ್ಕೂ ಹೊರಡುವ ದಿನಕ್ಕೂ. ಅಂದರೆ ಒಂದೇ ರಾತ್ರಿ ಉಳಿದರೂ ಎರಡು ದಿನ ಉದ್ದ ಸಾಲು ತಪ್ಪುತ್ತದೆ. ಇಬ್ಬರಿಗೆ ಎರಡು ದಿನದ ಪಾಸ್ ಬೇರೆಯಾಗಿ ಕೊಂಡರೆ ಎಷ್ಟಾಗುತ್ತದೆ ಅಂತ ನೋಡಿ, ಆಮೇಲೆ ಆ ಹೋಟೆಲ್ ದರ ನೋಡಿ. ಜನದಟ್ಟಣೆಯ ದಿನಗಳಲ್ಲಿ ಎಷ್ಟೋ ಸಲ ದುಬಾರಿ ಹೋಟೆಲ್ಲೇ ಲಾಭ.

ಮೇ 2025ರಲ್ಲಿ ತೆರೆದ ಎಪಿಕ್ ಯೂನಿವರ್ಸ್ ಈ ಲೆಕ್ಕದ ಹೊರಗಿದೆ. ಅದು ಕೆಲವು ಕಿಲೋಮೀಟರ್ ಆಚೆ ಬೇರೆಯೇ ಜಾಗದಲ್ಲಿದೆ, ಹೋಟೆಲ್ ಜೊತೆ ಬರುವ ಪಾಸ್ ಅಲ್ಲಿ ನಡೆಯುವುದಿಲ್ಲ. ಹೊಸ ಪಾರ್ಕ್ ಅಂತ ಬರೀ ಅದಕ್ಕಾಗಿ ಹೋಗುವವರು ಇದನ್ನು ಗಮನದಲ್ಲಿಟ್ಟು ಹೋಟೆಲ್ ಆರಿಸಿ.

ಹೊಟ್ಟೆ ತೊಳಸುವವರಿಗೆ ಒಂದು ಎಚ್ಚರಿಕೆ. ಇಲ್ಲಿ ಪರದೆ ಮುಂದೆ ಸೀಟು ಅಲ್ಲಾಡಿಸುವ ರೈಡ್‌ಗಳು ಜಾಸ್ತಿ. ಕೋಸ್ಟರ್ ಆರಾಮಾಗಿ ತಡೆಯುವವರೂ ಇವುಗಳಲ್ಲಿ ಕಣ್ಣು ಮುಚ್ಚಿ ಕೂರುವುದುಂಟು. ಜೊತೆಯವರಿಗೆ ರೈಡ್ ಬೇಡ ಅಂದರೆ ಹ್ಯಾರಿ ಪಾಟರ್ ಬೀದಿಗಳಲ್ಲಿ ಅರ್ಧ ದಿನ ಕಳೆಯಬಹುದು. ಆಮೇಲೆ ಬೇಜಾರು ಶುರು. ಶರತ್ಕಾಲದಲ್ಲಿ ಹೋಗುವುದಾದರೆ 1991ರಿಂದ ನಡೆಯುತ್ತಿರುವ ಹ್ಯಾಲೋವೀನ್ ಹಾರರ್ ನೈಟ್ಸ್ ಇದೆ. ಅದು ಪೂರ್ತಿ ದೊಡ್ಡವರಿಗಾಗಿಯೇ ಮಾಡಿದ್ದು, ಬೇರೆ ಟಿಕೆಟ್. ಹೆದರಿಸಿಕೊಳ್ಳುವುದು ಇಷ್ಟವಿದ್ದರೆ ಸರಿ, ಇಲ್ಲದಿದ್ದರೆ ಆ ರಾತ್ರಿಗಳಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕ್ ಬೇಗ ಮುಚ್ಚುತ್ತದೆ ಅನ್ನುವುದು ನೆನಪಿರಲಿ.

ಓರ್ಲ್ಯಾಂಡೊ ಬಗ್ಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ಮಳೆ ಅಲ್ಲಿ ದಿನಚರಿ. ಹತ್ತಿರದಲ್ಲಿ ಮಿಂಚು ಕಂಡರೆ ಹೊರಾಂಗಣದ ರೈಡ್‌ಗಳನ್ನೆಲ್ಲ ನಿಲ್ಲಿಸುತ್ತಾರೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ ಬೇರೆ. ಮಕ್ಕಳ ಶಾಲೆಯ ಹಂಗಿಲ್ಲದವರಿಗೆ ಜನವರಿ ಕೊನೆಯ ವಾರಗಳು ಚೆನ್ನ. ಸೆಪ್ಟೆಂಬರ್‌ನಲ್ಲಿ ಜನ ಕಡಿಮೆ, ಆದರೆ ಸೆಕೆ ತಡೆಯಬೇಕು.

ಟೋಕಿಯೋ ಡಿಸ್ನಿಸೀ

ದೊಡ್ಡವರಿಗೆ ಒಂದೇ ಪಾರ್ಕ್ ಹೇಳಿ ಅಂದರೆ ನಾನು ಹೇಳುವುದು ಇದನ್ನೇ. 2001ರ ಸೆಪ್ಟೆಂಬರ್‌ನಲ್ಲಿ, 1983ರ ಟೋಕಿಯೋ ಡಿಸ್ನಿಲ್ಯಾಂಡ್ ಪಕ್ಕದಲ್ಲಿ ತೆರೆಯಿತು. ಹೆಸರು ಡಿಸ್ನಿಯದು, ಮಾಲೀಕರು ಮಾತ್ರ ಓರಿಯಂಟಲ್ ಲ್ಯಾಂಡ್ ಅನ್ನುವ ಜಪಾನೀ ಕಂಪನಿ. ಕಟ್ಟುವಾಗಲೇ ದೊಡ್ಡವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅನ್ನುವುದು ಅಲ್ಲಿ ಹೆಜ್ಜೆ ಹೆಜ್ಜೆಗೂ ಕಾಣುತ್ತದೆ. ಡಿಸ್ನಿಸೀಯಲ್ಲಿ ಮೊದಲಿನಿಂದಲೂ ವೈನ್, ಬಿಯರ್ ಸಿಗುತ್ತದೆ. ಪಕ್ಕದ ಡಿಸ್ನಿಲ್ಯಾಂಡ್‌ನಲ್ಲಿ ಅದು ಬಂದದ್ದು 2020ರಲ್ಲಿ. ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್ ಕೂಡ 2012ರವರೆಗೆ ಕಾಯಿಸಿತ್ತು.

ಗೇಟು ದಾಟಿ ಒಂದು ಕಮಾನಿನ ಕೆಳಗೆ ಹಾದರೆ ಎದುರಿಗೆ ಬಂದರು. ನೀರಿನಾಚೆ ಪ್ರೊಮಿಥಿಯಸ್ ಅನ್ನುವ ಜ್ವಾಲಾಮುಖಿ ಬೆಟ್ಟ, ಆಗಾಗ ಗುಡುಗುಟ್ಟಿ ಬೆಂಕಿ ಕಾರುತ್ತದೆ. ನೀವು ಹಾದು ಬಂದ ಆ ಕಮಾನು ಇರುವ ಕಟ್ಟಡವೇ ಮಿರಾಕೋಸ್ಟಾ ಹೋಟೆಲ್. ಬಂದರಿನ ಕಡೆಯ ರೂಮು ಸಿಕ್ಕರೆ ಪಾರ್ಕ್ ಮುಚ್ಚಿ ಜನ ಖಾಲಿಯಾದ ಮೇಲೆ ಕಿಟಕಿಯಿಂದ ಇಡೀ ಬಂದರು ನಿಮ್ಮದೇ. ಪಾರ್ಕಿನ ಇನ್ನೊಂದು ಮೂಲೆಯಲ್ಲಿ ಎಸ್.ಎಸ್. ಕೊಲಂಬಿಯಾ ಅನ್ನುವ ದೊಡ್ಡ ಹಡಗು ನಿಂತಿದೆ. ಅದರೊಳಗೆ ಮರದ ಹಲಗೆ ಹೊದಿಸಿದ ಗೋಡೆಗಳ ಒಂದು ಲಾಂಜ್. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿ ಒಂದು ಗ್ಲಾಸ್ ಹಿಡಿದು ಕೂತವರನ್ನು ನೋಡಿದರೆ ಇವರು ಪಾರ್ಕಿಗೆ ಬಂದಿದ್ದಾರೆ ಅಂತ ಯಾರೂ ಹೇಳುವುದಿಲ್ಲ. ಪಾರ್ಕಿನ ಒಂದೊಂದು ಭಾಗಕ್ಕೂ ಬಂದರು ಅಂತಲೇ ಹೆಸರು, ಇಂಥ ಎಂಟು ಬಂದರುಗಳಿವೆ. ಎಂಟನೆಯ ಫ್ಯಾಂಟಸಿ ಸ್ಪ್ರಿಂಗ್ಸ್ ತೆರೆದದ್ದು 2024ರ ಜೂನ್‌ನಲ್ಲಿ.

ನಡಿಗೆಯ ಮಾನದಂಡಕ್ಕೆ ಮಿರಾಕೋಸ್ಟಾಗೆ ಪೂರ್ತಿ ಅಂಕ. ಬೆಲೆ ಜಾಸ್ತಿ, ರೂಮು ಸಿಗುವುದು ಅದಕ್ಕಿಂತ ಕಷ್ಟ. ಬಜೆಟ್ ಬಿಗಿ ಇದ್ದರೆ ಈ ರೆಸಾರ್ಟ್‌ನಲ್ಲಿ ಒಂದು ದೊಡ್ಡ ಅನುಕೂಲವಿದೆ. ಟೋಕಿಯೋ ಸ್ಟೇಷನ್‌ನಿಂದ ಕೆಯೋ ಲೈನ್ ರೈಲು ಹಿಡಿದರೆ ಹದಿನೈದು ನಿಮಿಷದಲ್ಲಿ ಪಾರ್ಕ್ ಪಕ್ಕದ ಮೈಹಾಮಾ ಸ್ಟೇಷನ್. ನಗರದಲ್ಲಿ ಸಾಧಾರಣ ಹೋಟೆಲ್ ಹಿಡಿದು ಬರೀ ಟಿಕೆಟ್ ಖರ್ಚಿನಲ್ಲಿ ಮುಗಿಸಬಹುದು. ಮಧ್ಯಾಹ್ನದ ನಿದ್ದೆ ಹೋಯಿತು ಅಷ್ಟೇ. ಟಿಕೆಟ್ ದರವೂ ಫ್ಲಾರಿಡಾದ ಪಾರ್ಕ್‌ಗಳಿಗೆ ಹೋಲಿಸಿದರೆ ಸಾಕಷ್ಟು ಕಡಿಮೆ.

ತೊಡಕು ಏನು? ಜನ. ವಾರದ ಮಧ್ಯದಲ್ಲೂ ಜನ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್, ಆಗಸ್ಟ್ ನಡುವಿನ ರಜೆ, ಇವೆರಡರ ಹತ್ತಿರವೂ ಸುಳಿಯಬೇಡಿ. ಹೆಸರಾದ ರೈಡ್‌ಗಳಿಗೆ ಪ್ರೀಮಿಯರ್ ಆಕ್ಸೆಸ್ ಅಂತ ಒಂದೊಂದಕ್ಕೂ ಬೇರೆ ಬೇರೆ ದುಡ್ಡು ಕೊಟ್ಟು ಸಮಯ ಕಾದಿರಿಸಬಹುದು, ಗೇಟಿನೊಳಗೆ ಹೋದ ಮೇಲೆ ಆ್ಯಪ್‌ನಲ್ಲಿ. ಆ ಹೊತ್ತಿಗೆ ಅಕ್ಕಪಕ್ಕದ ಎಲ್ಲರೂ ತಲೆ ತಗ್ಗಿಸಿ ಫೋನ್ ಒತ್ತುತ್ತಿರುತ್ತಾರೆ, ನೀವೂ ಒತ್ತಿ. ರೈಡ್‌ಗಳ ಒಳಗಿನ ಮಾತೆಲ್ಲ ಜಪಾನಿ ಭಾಷೆಯಲ್ಲಿ. ಕಥೆ ಕೇಳಿಯೇ ಅನುಭವಿಸಬೇಕು ಅನ್ನುವವರಿಗೆ ಅದು ಕೊರತೆ. ಎದೆ ನಡುಗಿಸುವ ಕೋಸ್ಟರ್ ಬೇಕು ಅಂದರೂ ಇಲ್ಲಿ ಸಿಗುವುದಿಲ್ಲ.

ಯೂರೋಪಾ-ಪಾರ್ಕ್, ಜರ್ಮನಿ

ಅಮೆರಿಕದ ಆಚೆ ಹೆಚ್ಚು ಜನರಿಗೆ ಹೆಸರು ಗೊತ್ತಿರುವುದು ಡಿಸ್ನಿ, ಯೂನಿವರ್ಸಲ್ ಅಷ್ಟೇ. ಹಾಗಾಗಿ ರುಸ್ಟ್ ಅನ್ನುವ ಪುಟ್ಟ ಊರಿನಲ್ಲಿ 1975ರಿಂದ ನಡೆಯುತ್ತಿರುವ ಈ ಪಾರ್ಕು ಪಟ್ಟಿಗೇ ಬರುವುದಿಲ್ಲ. ಬರಬೇಕು. ಇದನ್ನು ನಡೆಸುವ ಮಾಕ್ ಕುಟುಂಬ ರೈಡ್ ತಯಾರಿಸುವ ಕಂಪನಿಯನ್ನೂ ಇಟ್ಟುಕೊಂಡಿದೆ. ಅವರ ಹೊಸ ಕೋಸ್ಟರ್‌ಗಳನ್ನು ಇಲ್ಲಿಯೇ ನೋಡಬಹುದು, 2009ರ ಬ್ಲೂ ಫೈರ್, 2024ರ ವೋಲ್ಟ್ರಾನ್ ಥರದವು. ಹೊರಗಿನವರಿಂದ ತರಿಸಿದ ಸಿಲ್ವರ್ ಸ್ಟಾರ್ 73 ಮೀಟರ್ ಎತ್ತರ.

ಪಾರ್ಕ್ ಪೂರ್ತಿ ಯುರೋಪಿನ ಒಂದೊಂದು ದೇಶದ ಬೀದಿಗಳಾಗಿ ಹಂಚಿಹೋಗಿದೆ. ಮರಗಿಡ, ಹೂವು ಧಾರಾಳ. ನಮ್ಮ ಮಾನದಂಡಗಳಲ್ಲಿ ಇದು ಗೆಲ್ಲುವುದು ಹೋಟೆಲ್ ವಿಚಾರದಲ್ಲಿ. 1995ರ ಎಲ್ ಅಂಡಲೂಸ್‌ನಿಂದ ಹಿಡಿದು 2019ರ ಕ್ರೋನಸಾರ್‌ವರೆಗೆ ಆರು ಥೀಮ್ ಹೋಟೆಲ್. ಕ್ರೋನಸಾರ್ ಇರುವುದು ರುಲಾಂಟಿಕಾ ವಾಟರ್ ಪಾರ್ಕ್ ಪಕ್ಕ, ಉಳಿದವು ಪಾರ್ಕಿಗೇ ಅಂಟಿಕೊಂಡಿವೆ. ಪಾರ್ಕ್ ಮಾಮೂಲಿ ದಿನಗಳಲ್ಲಿ ಸಂಜೆ ಆರರ ಸುಮಾರಿಗೆ ಮುಚ್ಚುವುದರಿಂದ ಸಂಜೆಯೆಲ್ಲ ಹೋಟೆಲ್‌ಗಳಲ್ಲೇ: ಈಜುಕೊಳ, ಸ್ಪಾ, ಬಾರ್, ಅಂಗಳಗಳು. ಬೆಲ್ ರಾಕ್ ಹೋಟೆಲ್‌ನ ದೀಪಸ್ತಂಭದಲ್ಲಿರುವ ಅಮೊಲೈಟ್‌ಗೆ ಎರಡು ಮಿಶೆಲಿನ್ ಸ್ಟಾರ್. 2022ರಲ್ಲಿ ಶುರುವಾದ ಈಟ್ರೆನಾಲಿನ್‌ನಲ್ಲಂತೂ ಊಟಗಾರರ ಕುರ್ಚಿಯೇ ಕೋಣೆಯಿಂದ ಕೋಣೆಗೆ ಚಲಿಸುತ್ತದೆ. ಒಂದೊಂದು ಕೋಣೆಯಲ್ಲಿ ಒಂದೊಂದು ಬಗೆ ಊಟ. ಸ್ವಲ್ಪ ಅತಿಯಾಯ್ತು ಅನಿಸಬಹುದು. ಆದರೂ ಮಕ್ಕಳಿಗಾಗಿ ಮಾಡಿದ್ದಲ್ಲ ಅನ್ನುವುದಂತೂ ಖಾತ್ರಿ.

ರಾತ್ರಿ ಹತ್ತರವರೆಗೆ ಪಾರ್ಕ್ ಒಳಗೇ ಇರಬೇಕು ಅನ್ನುವವರಿಗೆ ಇದು ಸರಿಹೊಂದದು. ಬೇಗ ಎದ್ದು, ಬೇಗ ರೈಡ್ ಮುಗಿಸಿ, ಸಂಜೆ ನೀರಿಗಿಳಿಯುವ ಜೋಡಿಗಳಿಗೆ ಹೇಳಿ ಮಾಡಿಸಿದ್ದು. ಜನವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಪಾರ್ಕ್ ಸಾಮಾನ್ಯವಾಗಿ ಮುಚ್ಚಿರುತ್ತದೆ, ತಾರೀಖು ನೋಡಿಕೊಂಡೇ ವಿಮಾನ ಬುಕ್ ಮಾಡಿ.

ಉಳಿದವು, ಚುಟುಕಾಗಿ

ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ 1952ರದ್ದು. ಅದರ ಜೀವ ಆಂಟನ್ ಪೀಕ್ ಅನ್ನುವ ಚಿತ್ರಕಾರ ಕಲ್ಪಿಸಿದ ಕಥೆಗಳ ಕಾಡು. ಹಳೆಯ ಮರಗಳ ನಡುವೆ ಓರೆಕೋರೆ ಮನೆಗಳು. ಬಾಯಿ ತೆರೆದು ಕೂತ ದಢೂತಿ ಗೊಂಬೆಯೊಂದು "ಪೇಪರ್ ಇಲ್ಲಿ ಹಾಕಿ" ಅಂತ ಕೂಗುತ್ತದೆ. ಕಸ ಹಾಕಿದರೆ ಒಳಗೆ ಎಳೆದುಕೊಂಡು ಥ್ಯಾಂಕ್ಸ್ ಹೇಳುತ್ತದೆ. ದೊಡ್ಡವರೂ ಜೇಬು ತಡಕಿ ಪೇಪರ್ ಚೂರು ಹುಡುಕುತ್ತಾರೆ! ಗದ್ದಲ, ಮಾರಾಟದ ಅಬ್ಬರ ಕಡಿಮೆ, ಪ್ಲಾನಿಂಗ್ ಹೊರೆ ಇಲ್ಲವೇ ಇಲ್ಲ. ಎರಡು ದಿನಕ್ಕೆ ಬಹಳ ಚೆನ್ನ, ನಾಲ್ಕು ದಿನಕ್ಕೆ ಸಾಲದು. ಪಾರ್ಕಿನ ಬಾಗಿಲಲ್ಲೇ 2025ರಲ್ಲಿ ಗ್ರ್ಯಾಂಡ್ ಹೋಟೆಲ್ ತೆರೆದಿದ್ದಾರೆ.

ಡಿಸ್ನಿಲ್ಯಾಂಡ್ ಪ್ಯಾರಿಸ್‌ಗೆಂದೇ ದೂರದಿಂದ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಪ್ಯಾರಿಸ್‌ಗೆ ಹೇಗೂ ಹೋಗುತ್ತೀರಾದರೆ ಆರ್‌ಇಆರ್ ರೈಲು ಹಿಡಿದು ಒಂದು ದಿನ ಹೋಗಿಬನ್ನಿ. ಅಲ್ಲಿನ ಕೋಟೆ ಡಿಸ್ನಿಯ ಕೋಟೆಗಳಲ್ಲೇ ಚೆಂದದ್ದು. 1992ರಲ್ಲಿ ತೆರೆದಾಗ ಫ್ರಾನ್ಸ್‌ನಂಥ ದೇಶದಲ್ಲಿ ಊಟದ ಜೊತೆ ವೈನ್ ಕೊಡುವುದಿಲ್ಲ ಅಂದಿದ್ದರು. ಮರುವರ್ಷವೇ ದಾರಿಗೆ ಬಂದರು.

ಬರೀ ಕೋಸ್ಟರ್, ಬೇರೇನೂ ಬೇಡ ಅನ್ನುವ ಗೆಳೆಯರ ಗುಂಪಿಗೆ ಅಮೆರಿಕದ ಒಹಾಯೋದ ಸೀಡರ್ ಪಾಯಿಂಟ್ ಇದೆ. ಈರಿ ಸರೋವರದ ದಂಡೆ, 1905ರ ಹೋಟೆಲ್ ಬ್ರೇಕರ್ಸ್, 94 ಮೀಟರ್ ಎತ್ತರದ ಮಿಲೇನಿಯಂ ಫೋರ್ಸ್. ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತಾರೆ. ರೈಡ್ ಹತ್ತದವರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಅವರ ಶಾಪ ತಟ್ಟುತ್ತದೆ.

ದುಡ್ಡು ಎಲ್ಲಿ ಹಾಕಬೇಕು?

ಬಜೆಟ್ ಸೀಮಿತವಾಗಿದ್ದರೆ ದೂರದ ಅಗ್ಗದ ಹೋಟೆಲ್‌ನಲ್ಲಿ ನಾಲ್ಕು ರಾತ್ರಿಗಿಂತ ಗೇಟ್ ಪಕ್ಕದ ಹೋಟೆಲ್‌ನಲ್ಲಿ ಎರಡು ರಾತ್ರಿ ವಾಸಿ ಅನ್ನುವುದು ನನ್ನ ಪಕ್ಷ. ಈ ಮಾತಿಗೆ ಟೋಕಿಯೋ ಒಂದೇ ಅಪವಾದ, ಅಲ್ಲಿ ರೈಲು ಅಷ್ಟು ಚೆನ್ನಾಗಿದೆ. ಟಿಕೆಟ್ ದರ ಓರ್ಲ್ಯಾಂಡೊ, ಟೋಕಿಯೋ, ಪ್ಯಾರಿಸ್ ಮೂರರಲ್ಲೂ ದಿನದ ಮೇಲೆ ಬದಲಾಗುತ್ತದೆ. ಶಾಲೆಗಳು ನಡೆಯುತ್ತಿರುವ ವಾರದ ಮಂಗಳವಾರ, ಬುಧವಾರ ಹೋಗಲು ಸಾಧ್ಯವಿರುವುದೇ ಮಕ್ಕಳಿಲ್ಲದೆ ಹೋಗುವವರ ದೊಡ್ಡ ಉಳಿತಾಯ. ಸಾಲು ತಪ್ಪಿಸುವ ಪಾಸನ್ನು ಎಲ್ಲ ದಿನಕ್ಕೂ ಕೊಳ್ಳಬೇಡಿ. ರೈಡ್ ಜಾಸ್ತಿ ಇರುವ ಪಾರ್ಕಿನ ಒಂದು ದಿನಕ್ಕೆ ಮಾತ್ರ ಸಾಕು. ಎಪ್ಕಾಟ್ ಥರದ ಅಡ್ಡಾಡುವ ಪಾರ್ಕಿಗೆ ಅದು ದಂಡ.

ಜೊತೆಗೆ ಪುಕ್ಕಟೆ ದಾರಿಯೂ ಒಂದಿದೆ, ಸಿಂಗಲ್ ರೈಡರ್ ಸಾಲು. ಯೂನಿವರ್ಸಲ್, ಯೂರೋಪಾ-ಪಾರ್ಕ್, ಎಫ್ಟೆಲಿಂಗ್ ಮೂರರಲ್ಲೂ ಹಲವು ರೈಡ್‌ಗಳಿಗೆ ಇದೆ. ಮೂವರ ಕುಟುಂಬ ನಾಲ್ಕು ಸೀಟಿನ ಸಾಲಿನಲ್ಲಿ ಕೂತಾಗ ಒಂದು ಸೀಟು ಉಳಿಯುತ್ತದಲ್ವಾ, ಅಲ್ಲಿಗೆ ಈ ಸಾಲಿನಿಂದ ಒಬ್ಬರನ್ನು ಕರೆದು ಕೂರಿಸುತ್ತಾರೆ. ಒಂದು ಗಂಟೆಯ ಕಾಯುವಿಕೆ ಎಷ್ಟೋ ಸಲ ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಇಬ್ಬರೂ ಬೇರೆ ಬೇರೆ ಕೂರಬೇಕು, ಮುಖ್ಯ ಸಾಲಿನ ಅಲಂಕಾರ ನೋಡಲು ಸಿಗುವುದಿಲ್ಲ. ಮಕ್ಕಳಿದ್ದವರಿಗೆ ಇದು ಆಗದ ಮಾತು. ಒಬ್ಬರೇ ಹೋಗುವವರಿಗಂತೂ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಹಾಗಾಗಿ ಒಂಟಿ ಪ್ರವಾಸಿಗಳಿಗೆ ನಾನು ಮೊದಲು ಹೇಳುವುದು ಯೂನಿವರ್ಸಲ್ ಅಥವಾ ಯೂರೋಪಾ-ಪಾರ್ಕ್.

ವಯಸ್ಸಾದ ಅಪ್ಪ-ಅಮ್ಮನ ಜೊತೆ ಹೋಗುವವರಿಗೆ ಡಿಸ್ನಿ ವರ್ಲ್ಡ್, ಅದೂ ಎಪ್ಕಾಟ್ ಪಕ್ಕದ ಹೋಟೆಲ್. ಗಾಲಿಕುರ್ಚಿ, ಬ್ಯಾಟರಿ ಸ್ಕೂಟರ್ ಬಾಡಿಗೆಗೆ ಸಿಗುತ್ತವೆ, ಬಸ್ಸು-ದೋಣಿಗಳೂ ಅದಕ್ಕೆ ತಕ್ಕ ಹಾಗಿವೆ. ಜನಜಂಗುಳಿ ಕಂಡರೇ ಆಗದವರಿಗೆ ಎಫ್ಟೆಲಿಂಗ್, ಅದೂ ವಾರದ ನಡುವೆ. ಅದೂ ಜಾಸ್ತಿ ಅನಿಸುವವರು ಈ ಪಟ್ಟಿಯನ್ನೇ ಪಕ್ಕಕ್ಕಿಟ್ಟು ಬೆಟ್ಟಕ್ಕೋ ಕಡಲತೀರಕ್ಕೋ ಹೋಗುವುದು ಲೇಸು. ಜೋಡಿಯಲ್ಲಿ ಒಬ್ಬರಿಗೆ ಕೋಸ್ಟರ್, ಇನ್ನೊಬ್ಬರಿಗೆ ಸ್ಪಾ ಅಂದರೆ ಯೂರೋಪಾ-ಪಾರ್ಕ್ ಬಿಟ್ಟು ಬೇರೆ ಯೋಚನೆ ಬೇಡ.

ಯಾವುದನ್ನೇ ಆರಿಸಿ, ದುಡ್ಡು ಕಟ್ಟುವ ಮೊದಲು ಆ ಪಾರ್ಕಿನ ವೆಬ್‌ಸೈಟ್‌ನಲ್ಲಿ ನಿಮ್ಮ ತಾರೀಖಿಗೆ ಯಾವ ರೈಡ್ ರಿಪೇರಿಗೆ ಮುಚ್ಚಿದೆ ಅಂತ ನೋಡಿಬಿಡಿ. ಜನ ಕಡಿಮೆ ಇರುವ ತಿಂಗಳುಗಳಲ್ಲೇ ರಿಪೇರಿ ಇಟ್ಟುಕೊಳ್ಳುತ್ತಾರೆ. ನೀವು ಯಾವ ರೈಡ್‌ಗಾಗಿ ಹೊರಟಿದ್ದೀರೋ ಅದೇ ಪಟ್ಟಿಯಲ್ಲಿದ್ದರೆ ಎರಡು ವಾರ ಹಿಂದೆ ಮುಂದೆ ಮಾಡಿ.